ಮನೆಗೆಂದು ಅರ್ಧ ಲೀಟರ್

(ಐಮಂಗಲದಲ್ಲಿ ಸೇರಿದ್ದ ಮಹಿಳಾ ಹಾಲು ಉತ್ಪಾದಕರ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಆಡಿದ ಮಾತುಗಳ ಬರಹರೂಪ)

ಕೊಟ್ಟಿಗೆ ಕೆಲಸ ಮುಗಿಸಿ ಮಕ್ಕಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಿರುವ ತಾಯಂದಿರೇ,

ಈ ದಿನ ನನಗೆ ಕೊಟ್ಟಿರುವ ವಿಷಯ 'ಹೈನುಗಾರಿಕೆ ಮತ್ತು ಕುಟುಂಬದ ಮಿತವ್ಯಯ'. ಮಿತವ್ಯಯದ ಬಗ್ಗೆ ನಿಮಗೆ ಪಾಠ ಹೇಳುವುದೆಂದರೆ ಮೀನಿಗೆ ಈಜು ಕಲಿಸಿದ ಹಾಗೆ. ಹಿಂಡಿ ಚೀಲ ಖಾಲಿಯಾದರೆ ಅದು ಮಳೆಗೆ ಕೊಪ್ಪೆಯಾಗುತ್ತದೆ, ಆಮೇಲೆ ಶೇಂಗಾ ಒಣಗಿಸುವ ಹಾಸು, ಕೊನೆಗೆ ಕರುವಿನ ಕೆಳಗಿನ ಹಾಸು. ಹಳೆಯ ಸೀರೆ ತೊಟ್ಟಿಲಾಗುತ್ತದೆ, ತೊಟ್ಟಿಲು ಹರಿದರೆ ಕೌದಿಗೆ ಸೇರುತ್ತದೆ. ಇಷ್ಟು ತಿಳಿದ ನಿಮಗೆ ನಾನು ಉಳಿತಾಯ ಕಲಿಸಲಾರೆ. ನಾನು ಹೇಳಬೇಕೆಂದಿರುವುದು ಉಳಿಸಬಾರದ ಕಡೆ ಉಳಿಸುವುದರ ಬಗ್ಗೆ. ಅದನ್ನೂ ನನ್ನ ಒಂದು ತಪ್ಪಿನಿಂದಲೇ ಆರಂಭಿಸುತ್ತೇನೆ.

ಕೆಲಸಕ್ಕೆ ಸೇರಿದ ಹೊಸತು. ಹಿರಿಯೂರು ತಾಲ್ಲೂಕಿನ ಒಂದು ಸಂಘಕ್ಕೆ ಸಂಜೆ ಹಾಲು ಹಾಕುವ ಹೊತ್ತಿಗೆ ಹೋಗಿದ್ದೆ. ಪುಸ್ತಕ ತಿರುವಿ ನೋಡಿದಾಗ ಒಬ್ಬ ತಾಯಿಯ ಸಂಜೆಯ ಹಾಲು ಒಂದು ವಾರದಿಂದ ಅರ್ಧ ಲೀಟರ್ ಕಡಿಮೆಯಾಗಿತ್ತು. ಹಸುವಿಗೆ ಕಾಯಿಲೆಯಿಲ್ಲ, ಬೆಳಗಿನ ಹಾಲು ಇಳಿದಿಲ್ಲ. ಸಾಲಿನಲ್ಲಿ ಹತ್ತಾರು ಜನ ನಿಂತಿದ್ದರು. ಅವರೆಲ್ಲರ ಎದುರಿಗೆ ನಾನು, "ಏನಮ್ಮ, ಅರ್ಧ ಲೀಟರ್ ಎಲ್ಲಿ ಹೋಗ್ತಿದೆ? ಹೋಟೆಲಿಗೆ ಹಾಕ್ತಿದ್ದೀಯಾ?" ಎಂದು ಕೇಳಿಬಿಟ್ಟೆ. ಆಕೆ ಏನೂ ಹೇಳಲಿಲ್ಲ. ಕ್ಯಾನು ತೆಗೆದುಕೊಂಡು ಹೋದಳು.

ಮಾರನೆಯ ದಿನ ಅದೇ ಹಸುವಿನ ಗರ್ಭ ಪರೀಕ್ಷೆಗೆ ಅವಳ ಮನೆಗೆ ಹೋದೆ. ಬಾಗಿಲಲ್ಲಿ ಮೂರು ವರ್ಷದ ಕೂಸೊಂದು ಗೋಡೆಗೆ ಒರಗಿ ಕುಳಿತಿತ್ತು. ಎದೆಗೂಡು ಎಣಿಸುವ ಹಾಗಿತ್ತು. ನಾನು ಕೈ ತೊಳೆಯುತ್ತಿರುವಾಗ ಆಕೆ ತಾನಾಗಿಯೇ ಹೇಳಿದಳು: "ಹದಿನೈದು ದಿನ ಜ್ವರ ಸಾ ಇದಕ್ಕೆ. ಗಂಜಿ ಇಳೀತಿರಲಿಲ್ಲ, ಹಾಲು ಇಳೀತು. ನಾಳೆಯಿಂದ ಪೂರ್ತಿ ಹಾಕ್ತೀನಿ."

ನಾನು ಬೇಡವೆಂದೆ, ಮಗುವಿಗೆ ಕೊಡು ಎಂದೆ. ಆದರೆ ಹತ್ತು ಜನರ ಎದುರು ಆಡಿದ ಮಾತನ್ನು ಕೊಟ್ಟಿಗೆಯೊಳಗೆ ಹಿಂದಕ್ಕೆ ತೆಗೆದುಕೊಂಡರೆ ಆಗುತ್ತದೆಯೇ? ಮುಂದಿನ ವಾರ ಪುಸ್ತಕ ನೋಡಿದೆ. ಹಾಲು ಪೂರ್ತಿ ಬಂದಿತ್ತು. ಹಾಲು ಹೆಚ್ಚಿದ್ದು ಕಂಡು ಮನಸ್ಸಿಗೆ ಸಂಕಟವಾದದ್ದು ನನ್ನ ನೌಕರಿಯಲ್ಲಿ ಅದೇ ಮೊದಲು.

ಈ ಪ್ರಶ್ನೆ ಹೊಸದಲ್ಲ. 1970ರಲ್ಲಿ ದೇಶದಲ್ಲಿ ಆಪರೇಷನ್ ಫ್ಲಡ್ ಆರಂಭವಾದ ಮೇಲೆ, ಹಳ್ಳಿಯ ಹಾಲೆಲ್ಲಾ ಪಟ್ಟಣಕ್ಕೆ ಹೋದರೆ ಹಳ್ಳಿಯ ಮಕ್ಕಳು ಏನು ಕುಡಿಯಬೇಕು ಎಂದು ಕೇಳಿದವರಿದ್ದರು. ಹಾಲಿನ ಹಣದಲ್ಲಿ ಬೇಳೆ, ಬಟ್ಟೆ, ಶಾಲೆ ಎಲ್ಲವೂ ಆಗುತ್ತದೆ ಎಂಬುದು ಅದಕ್ಕೆ ಉತ್ತರವಾಗಿತ್ತು. ಎರಡೂ ಮಾತು ನಿಜ. ಡೇರಿ ಬಟವಾಡೆ ಇಲ್ಲದಿದ್ದರೆ ಈ ಮಳೆ ಕಾಣದ ಸೀಮೆಯಲ್ಲಿ ಎಷ್ಟು ಮನೆಗಳು ಗುಳೆ ಹೋಗುತ್ತಿದ್ದವೋ. ಮಾರಿಕಣಿವೆ ಕೆರೆಯನ್ನೇ ನೋಡಿ. 1933ರಲ್ಲಿ ಕೋಡಿ ಬಿದ್ದದ್ದು ಮತ್ತೆ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷ ನಮ್ಮ ಹಿರಿಯರು ಬಾಳಿದ್ದು ಹೇಗೆಂಬುದು ನಿಮಗೆ ಗೊತ್ತು. ಶೇಂಗಾ ಕೈಕೊಟ್ಟ ವರ್ಷ, ಈರುಳ್ಳಿ ಬೆಲೆ ಬಿದ್ದ ವರ್ಷ, ಹದಿನೈದು ದಿನಕ್ಕೊಮ್ಮೆ ಬರುವ ಹಣವೇ ಒಲೆ ಉರಿಸಿದೆ. ಆದ್ದರಿಂದ ಡೇರಿಗೆ ಹಾಲು ಹಾಕಬೇಡಿ ಎಂದು ನಾನು ಹೇಳುತ್ತಿಲ್ಲ, ಹೇಳಿದರೆ ಒಕ್ಕೂಟದವರು ನನ್ನನ್ನು ಸುಮ್ಮನೆ ಬಿಡುವುದೂ ಇಲ್ಲ!

ಈಗ ಇನ್ನೊಬ್ಬ ತಾಯಿಯ ವಿಷಯಕ್ಕೆ ಬರುತ್ತೇನೆ. ಇತ್ತೀಚಿನದು. ಐಮಂಗಲ ಹೋಬಳಿಯವಳೇ, ಹೆಸರು ಬೇಡ. ಇಬ್ಬರು ಚಿಕ್ಕ ಮಕ್ಕಳು, ಒಂದು ಮಿಶ್ರತಳಿ ಹಸು, ಮೂರು ಎಕರೆ ಖುಷ್ಕಿ. ಅಂಗನವಾಡಿಯಲ್ಲಿ ತೂಗಿದಾಗ ಚಿಕ್ಕ ಮಗುವಿನ ತೂಕ ಕಡಿಮೆ ಬಂದಿತ್ತು. ಹಳೆಯ ತಪ್ಪು ನೆನಪಿದ್ದ ನಾನು ದೊಡ್ಡ ಮನುಷ್ಯನ ಹಾಗೆ, "ದಿನಕ್ಕೆ ಒಂದು ಲೀಟರ್ ಮನೆಗೆ ಇಟ್ಟುಕೊಳ್ಳಮ್ಮ" ಎಂದೆ. ಆಕೆ ಒಳಗೆ ಹೋಗಿ ಮಗನ ಕಾಪಿ ಪುಸ್ತಕ ತಂದು ನನ್ನ ಮುಂದೆ ಇಟ್ಟಳು. "ಹೇಳೋದು ಸುಲಭ ಸಾ. ಲೆಕ್ಕ ನೀವೇ ಮಾಡಿ."

ಮಾಡಿದೆವು. ನೀವೂ ಮನಸ್ಸಿನಲ್ಲಿ ಮಾಡುತ್ತಾ ಬನ್ನಿ. ದರ ಊರಿಗೂ ಕಾಲಕ್ಕೂ ಬದಲಾಗುತ್ತದೆ, ಲೆಕ್ಕ ಸುಲಭವಾಗಲೆಂದು ಲೀಟರಿಗೆ 35 ರೂಪಾಯಿ ಹಿಡಿಯೋಣ. ಹಸು ಬೆಳಿಗ್ಗೆ 5, ಸಂಜೆ 3, ಒಟ್ಟು 8 ಲೀಟರ್. ದಿನಕ್ಕೆ 280 ರೂಪಾಯಿ, ಹದಿನೈದು ದಿನಕ್ಕೆ 4,200. ಪಶು ಆಹಾರ: ಹಸುವಿನ ಮೈ ಉಳಿಯಲು ಒಂದೂವರೆ ಕೆ.ಜಿ., ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ 1 ಕೆ.ಜಿ. ಅಂದರೆ 4.7 ಕೆ.ಜಿ. ಕೆ.ಜಿ.ಗೆ 26 ರೂಪಾಯಿಯಂತೆ ದಿನಕ್ಕೆ 122, ಹದಿನೈದು ದಿನಕ್ಕೆ 1,830. ಉಳಿದದ್ದು 2,370. ಹಸು ತಂದ ಸಾಲಕ್ಕೆ ಸಂಘದ ಕಂತು ವಾರಕ್ಕೆ 600, ಎರಡು ವಾರಕ್ಕೆ 1,200. ಕೈಗೆ ಉಳಿಯುವುದು 1,170 ರೂಪಾಯಿ. ಸೊಪ್ಪೆ, ರಾಗಿ ಹುಲ್ಲು ಹೊಲದ್ದೇ ಎಂದುಕೊಂಡರೂ ಇಷ್ಟೇ. ಆಕೆಯ ದುಡಿಮೆಗೆ ನಾವು ಕೂಲಿಯನ್ನೇ ಹಿಡಿದಿಲ್ಲ.

ಈಗ ನಾನು ಹೇಳಿದ ಒಂದು ಲೀಟರಿನ ಬೆಲೆ ಹದಿನೈದು ದಿನಕ್ಕೆ 525 ರೂಪಾಯಿ. 1,170ರಲ್ಲಿ 525! ಕೈಗೆ ಬರುವುದರಲ್ಲಿ ಹತ್ತಿರ ಹತ್ತಿರ ಅರ್ಧ. ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು. ಸಂಬಳದವನು ಸಂಬಳವಿಲ್ಲದವಳಿಗೆ ಉಪದೇಶ ಹೇಳಿದರೆ ಹೀಗೇ ಆಗುವುದು.

ಆದರೆ ಲೆಕ್ಕ ಅಲ್ಲಿಗೇ ನಿಲ್ಲಲಿಲ್ಲ. "ಮಕ್ಕಳಿಗೆ ಅಂಗಡಿ ಖರ್ಚು ಎಷ್ಟಮ್ಮ?" ಎಂದೆ. "ಏನಿಲ್ಲ ಸಾ, ಐದೈದು ರೂಪಾಯಿ" ಎಂದಳು. ಬೆಳಿಗ್ಗೆ ಚಹಾ ಜೊತೆಗೆ ಇಬ್ಬರಿಗೂ ಒಂದೊಂದು 5 ರೂಪಾಯಿ ಬಿಸ್ಕತ್ತು, ಸಂಜೆ ಅತ್ತರೆ ಒಂದೊಂದು 5 ರೂಪಾಯಿಯ ಕುರುಕಲು ಪೊಟ್ಟಣ. ದಿನಕ್ಕೆ 20, ಹದಿನೈದು ದಿನಕ್ಕೆ 300. ಅರ್ಧ ಲೀಟರ್ ಹಾಲಿಗೆ ಹದಿನೈದು ದಿನಕ್ಕೆ 262 ರೂಪಾಯಿ 50 ಪೈಸೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಐದು ರೂಪಾಯಿ ಕಣ್ಣಿಗೆ ಕಾಣಲ್ಲ ಸಾ. ಹಾಲು ಅಳೆದು ಹಾಕ್ತೀವಲ್ಲ, ಅದು ಕಾಣುತ್ತೆ" ಎಂದಳು.

ನನ್ನ ಇಡೀ ಭಾಷಣಕ್ಕಿಂತ ಈ ಮಾತು ದೊಡ್ಡದು. ಬಿಸ್ಕತ್ತು ಕೊಡಿಸುವ ತಾಯಿಯನ್ನು ದುಂದುಗಾರ್ತಿ ಎನ್ನಬೇಡಿ. ಕಳೆ ತೆಗೆಯಲು ಹೋಗುವಾಗ ಅಳುವ ಮಗುವಿನ ಕೈಗೆ ಏನಾದರೂ ಕೊಡಲೇಬೇಕಲ್ಲ. ಹಾಲು ಕಾಯಿಸಬೇಕು, ಆರಿಸಬೇಕು, ಕುಡಿಸಬೇಕು. ಪೊಟ್ಟಣ ಹರಿದು ಕೊಟ್ಟರೆ ಆಯಿತು. ಹಣ ಒಂದೇ ಅಲ್ಲ, ಹೊತ್ತಿನ ಉಳಿತಾಯವೂ ಅಲ್ಲಿದೆ.

ಅರ್ಧ ಲೀಟರಿನಲ್ಲಿ ಏನು ಬರುತ್ತದೆ? ಒಂದು ಲೋಟ ಎಂದರೆ 200 ಮಿ.ಲೀ. ಹಸುವಿನ ಹಾಲಿನಲ್ಲಿ ಸುಮಾರು 6 ಗ್ರಾಂ ಸಸಾರಜನಕ, 240 ಮಿಲಿಗ್ರಾಂ ಸುಣ್ಣದ ಅಂಶ ಇರುತ್ತದೆ. ಎರಡು ಮಕ್ಕಳಿಗೆ ಒಂದೊಂದು ಲೋಟ, ಉಳಿದ 100 ಮಿ.ಲೀ. ಹೆಪ್ಪಿಗೆ. ಜೊತೆಗೆ ನಮ್ಮ ಸೀಮೆಯ ರಾಗಿ ಇದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣವಿದೆ, ಇದು ಅಕ್ಕಿಯಲ್ಲಿ ಸಿಗುವುದಿಲ್ಲ. ಹುರಿದ ಶೇಂಗಾ ಒಂದು ಹಿಡಿ, ಅದರಲ್ಲಿ ನೂರಕ್ಕೆ 25 ಪಾಲು ಸಸಾರಜನಕ. ಚಿಕ್ಕ ಮಕ್ಕಳಿಗೆ ಇಡೀ ಬೀಜ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ಪುಡಿ ಮಾಡಿ ಕೊಡಿ. ರಾಗಿ ಅಂಬಲಿಗೆ ಹಾಲು ಬೆರೆಸಿ, ಶೇಂಗಾ ಪುಡಿ, ಚೂರು ಬೆಲ್ಲ ಹಾಕಿದರೆ ಅದಕ್ಕಿಂತ ಒಳ್ಳೆಯ ಡಬ್ಬಿ ಪುಡಿಯನ್ನು ಯಾವ ಕಂಪನಿಯೂ ಮಾಡಲಾರದು.

ಇಲ್ಲಿ ಎರಡು ಎಚ್ಚರಿಕೆ. ಆರು ತಿಂಗಳವರೆಗೆ ಕೂಸಿಗೆ ತಾಯಿಯ ಹಾಲೇ ಸಾಕು, ನೀರೂ ಬೇಡ. ವರ್ಷ ತುಂಬುವವರೆಗೆ ಎದೆಹಾಲಿನ ಬದಲಿಗೆ ಹಸುವಿನ ಹಾಲು ಕುಡಿಸಬೇಡಿ, ಅದರಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆ. ಎರಡನೆಯದು, ಮಕ್ಕಳಿಗೆ ಚಹಾ. ಚಹಾ ಊಟದಲ್ಲಿರುವ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಹಾಲನ್ನು ಚಹಾಕ್ಕೆ ಹನಿಸಿ 'ಹಾಲು ಕುಡಿಸಿದೆ' ಎಂದುಕೊಂಡರೆ ಅದು ಲೆಕ್ಕಕ್ಕೆ ಬರುವುದಿಲ್ಲ. ಶಾಲೆ, ಅಂಗನವಾಡಿಗಳಲ್ಲಿ 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದ ಹಾಲು ಕೊಡಲು ಆರಂಭಿಸಿದರು, ಸಂತೋಷ. ನಿಮ್ಮದೇ ಹಾಲು ಪುಡಿಯಾಗಿ ನಿಮ್ಮ ಮಕ್ಕಳಿಗೆ ಬಂದಂತಾಯಿತು. ಆದರೆ ಭಾನುವಾರ, ಬೇಸಿಗೆ ರಜೆಗಳಲ್ಲಿ ಆ ಲೋಟ ಇರುವುದಿಲ್ಲ ಎಂಬುದು ನೆನಪಿರಲಿ.

ಇನ್ನು ಆ ಲೋಟ ಯಾರಿಗೆ? ಮನೆಯಲ್ಲಿ ಅರ್ಧ ಲೀಟರ್ ಉಳಿದರೆ ಮೊದಲು ಮನೆಯ ಯಜಮಾನರ ಚಹಾ, ಆಮೇಲೆ ಗಂಡು ಮಗನ ಲೋಟ, ಹೆಣ್ಣು ಮಗುವಿಗೆ ಪಾತ್ರೆಯ ಕೆನೆ ಕೆರೆದದ್ದು. ನೀವು ನಗುತ್ತಿದ್ದೀರಿ, ಅಂದರೆ ನಾನು ಹೇಳಿದ್ದು ಸುಳ್ಳಲ್ಲ. ತಾಯಿಗಂತೂ ಏನೂ ಇಲ್ಲ. ನಾನು ಹುಟ್ಟಿದ ಮನೆಯಲ್ಲೂ ಹೀಗೆಯೇ. ನಮ್ಮ ತಾಯಿ ಎಮ್ಮೆ ಹಾಲನ್ನು ಹೋಟೆಲಿಗೆ ವರ್ತನೆಗೆ ಹಾಕುತ್ತಿದ್ದರು. ಅಳೆದು ಕೊಟ್ಟ ಮೇಲೆ ಕ್ಯಾನಿಗೆ ಒಂದು ಲೋಟ ಬಿಸಿನೀರು ಹಾಕಿ ಕುಲುಕಿ, ಆ ಬೆಳ್ಳಗಿನ ನೀರನ್ನು ನಮ್ಮ ಅಂಬಲಿಗೆ ಸುರಿಯುತ್ತಿದ್ದರು. ಅದನ್ನೇ ನಾವು ಹಾಲೆಂದು ಕರೆಯುತ್ತಿದ್ದೆವು. ಆ ಹಣದಲ್ಲಿ ನಾನು ಓದಿದೆ, ಪಶುವೈದ್ಯನಾದೆ. ನನ್ನ ಅಕ್ಕ ಓದಲಿಲ್ಲ. ಆಕೆಗೆ ಈಗ ಮೊಣಕಾಲು ನೋವು, ಬೆನ್ನು ನೋವು. ಅದಕ್ಕೂ ಇದಕ್ಕೂ ಸಂಬಂಧವಿದೆಯೋ ಇಲ್ಲವೋ, ಆಕೆ ಮೆಟ್ಟಿಲು ಹತ್ತುವುದನ್ನು ನೋಡಿದಾಗಲೆಲ್ಲಾ ನನಗೆ ಆ ಕ್ಯಾನು ತೊಳೆದ ನೀರು ನೆನಪಾಗುತ್ತದೆ.

ಈಗ ನನ್ನ ಕಸುಬಿನ ಕಡೆಗೆ. ಕೊಟ್ಟಿಗೆಯಲ್ಲಿ ನಾವು ಮಾಡುವ ತಪ್ಪು ಉಳಿತಾಯಗಳಲ್ಲಿ ಮೊದಲನೆಯದು ಬತ್ತಿದ ಗಬ್ಬದ ಹಸುವಿನದು. 'ಹಾಲೇ ಇಲ್ಲ, ಹಿಂಡಿ ಯಾಕೆ?' ಎಂದು ಬರೀ ಒಣ ಸೊಪ್ಪೆ ಹಾಕುತ್ತೇವೆ. ಹೊಟ್ಟೆಯೊಳಗಿನ ಕರು ಬಹುಪಾಲು ಬೆಳೆಯುವುದೇ ಕೊನೆಯ ಎರಡು ಮೂರು ತಿಂಗಳಲ್ಲಿ. ಆಗ ಮೈ ಉಳಿಯುವ ಆಹಾರದ ಮೇಲೆ ಒಂದರಿಂದ ಒಂದೂವರೆ ಕೆ.ಜಿ. ಹೆಚ್ಚಿಗೆ ಕೊಡಬೇಕು. ಕೊಡದಿದ್ದರೆ ಕರು ಸಣಕಲಾಗುತ್ತದೆ, ಈದ ಮೇಲೆ ಹಾಲು ಏರುವುದಿಲ್ಲ, ಹಸು ಬೇಗ ಬೆದೆಗೆ ಬರುವುದಿಲ್ಲ. ತಪ್ಪಿದ ಒಂದೊಂದು ಬೆದೆಗೂ 21 ದಿನದ ನಷ್ಟ. ಗಬ್ಬದ ಹಸುವಿಗೆ ಹೇಳಿದ ಮಾತು ಗರ್ಭಿಣಿ ಸೊಸೆಗೂ ಸಲ್ಲುತ್ತದೆ. ಹೆಚ್ಚು ತಿಂದರೆ ಕೂಸು ದಪ್ಪವಾಗಿ ಹೆರಿಗೆ ಕಷ್ಟ ಎಂದು ಊಟ ಕಡಿಮೆ ಮಾಡಿಸುವ ಅತ್ತೆಯಂದಿರು ಇಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಕೇಳಿಸಿಕೊಳ್ಳಿ.

ಖನಿಜ ಮಿಶ್ರಣ ದಿನಕ್ಕೆ 50 ಗ್ರಾಂ, ಕರುವಿಗೆ ಹುಟ್ಟಿದ ಹತ್ತು ಹದಿನೈದು ದಿನದಲ್ಲಿ ಜಂತುಹುಳುವಿನ ಔಷಧಿ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ. ಇವನ್ನು ಪ್ರತಿ ಸಭೆಯಲ್ಲೂ ಹೇಳಿದ್ದೇನೆ, ಇನ್ನೊಮ್ಮೆ ಎಳೆಯುವುದಿಲ್ಲ. ಗಿಣ್ಣಿನ ವಿಷಯ ಮಾತ್ರ ಹೇಳಲೇಬೇಕು. ಮನೆಯಲ್ಲಿ ಗಿಣ್ಣು ಕಾಯಿಸುವ ಆಸೆ ಎಲ್ಲರಿಗೂ ಇದೆ, ನನಗೂ ಇದೆ. ಆದರೆ ಹುಟ್ಟಿದ ಒಂದೆರಡು ಗಂಟೆಯೊಳಗೆ ಕರುವಿನ ಹೊಟ್ಟೆಗೆ ಅದು ಸೇರಬೇಕು. 25 ಕೆ.ಜಿ. ತೂಗುವ ಕರುವಿಗೆ ಮೊದಲ ದಿನ ಎರಡೂವರೆ ಲೀಟರ್. ಅದರ ಪಾಲು ಮುಗಿದ ಮೇಲೆ ನಮ್ಮ ಪಾಲು.

ಶೇಂಗಾ ಸೀಮೆಯಾದ್ದರಿಂದ ಇದನ್ನು ಒತ್ತಿ ಹೇಳುತ್ತೇನೆ. ಮಳೆಗೆ ನೆಂದು ಬೂಷ್ಟು ಹಿಡಿದ ಶೇಂಗಾ, ಮುಗ್ಗಲು ಹಿಂಡಿ, ಕಪ್ಪಾದ ಮೆಕ್ಕೆಜೋಳವನ್ನು 'ಚೆಲ್ಲುವುದೇಕೆ, ದನಕ್ಕೆ ಹಾಕೋಣ' ಎನ್ನುತ್ತೇವೆ. ಆ ಬೂಷ್ಟಿನಲ್ಲಿ ಅಫ್ಲಟಾಕ್ಸಿನ್ ಎಂಬ ವಿಷವಿರುತ್ತದೆ. ಹಸುವಿನ ಪಿತ್ತಜನಕಾಂಗ ಕೆಡುತ್ತದೆ, ಹಾಲು ಇಳಿಯುತ್ತದೆ. ಅಷ್ಟೇ ಅಲ್ಲ, ವಿಷದ ಒಂದು ಪಾಲು ಹಾಲಿಗೂ ಬರುತ್ತದೆ. ಹಾಲು ಕಾಯಿಸಿದರೆ ಅದು ಹೋಗುವುದಿಲ್ಲ. ದನಕ್ಕೆ ಹಾಕಿದ್ದು ಸಂಜೆಗೆ ಮಗುವಿನ ಲೋಟಕ್ಕೆ ಬಂದಂತೆ. ಅಂಥದ್ದನ್ನು ತಿಪ್ಪೆಗೆ ಹಾಕಿ, ಅಲ್ಲಿ ಗೊಬ್ಬರವಾದರೂ ಆಗುತ್ತದೆ. ಕೆಚ್ಚಲು ಬಾವಿಗೆ ಚುಚ್ಚುಮದ್ದು ಕೊಟ್ಟಾಗಲೂ ಹಾಗೆಯೇ. ವೈದ್ಯರು ಹೇಳಿದಷ್ಟು ದಿನ ಆ ಹಾಲು ಡೇರಿಗೂ ಬೇಡ, ಮಕ್ಕಳಿಗೂ ಬೇಡ. 'ಡೇರಿಗೆ ಹಾಕುವಂತಿಲ್ಲ, ಹಾಗಾದರೆ ಮನೆಗೆ ಇಟ್ಟುಕೊಳ್ಳೋಣ' ಎಂದು ಒಬ್ಬರು ನನ್ನೆದುರಿಗೇ ಅಂದರು. ಡೇರಿಗೆ ಬೇಡವಾದದ್ದು ಮಗುವಿಗೆ ಹೇಗಮ್ಮ ಬೇಕಾಗುತ್ತದೆ?

ಸೌದೆ, ಗ್ಯಾಸು ಉಳಿಸಲು ಹಸಿ ಹಾಲು ಕುಡಿಸುವುದೂ ಬೇಡ. ಹಸು ಕಂದು ಹಾಕುವ ಬ್ರೂಸೆಲ್ಲಾ ರೋಗ ಹಸಿ ಹಾಲಿನಿಂದ ಮನುಷ್ಯರಿಗೂ ಅಂಟುತ್ತದೆ. ಬಿಟ್ಟು ಬಿಟ್ಟು ಜ್ವರ, ಕೀಲು ನೋವು ಬರುತ್ತದೆ. ಹಾಲು ಉಕ್ಕಿ ಬರುವ ತನಕ ಕಾಯಿಸಿ. ಕಂದು ಹಾಕಿದ ಹಸುವಿನ ಮಾಸನ್ನು ಬರಿಗೈಯಲ್ಲಿ ಮುಟ್ಟಬೇಡಿ, ಗರ್ಭಿಣಿಯರು ಹತ್ತಿರವೂ ಹೋಗಬಾರದು. ಹೆಣ್ಣು ಕರುಗಳಿಗೆ ನಾಲ್ಕರಿಂದ ಎಂಟು ತಿಂಗಳ ಒಳಗೆ ಒಮ್ಮೆ ಹಾಕಿಸುವ ಲಸಿಕೆ ಇದೆ, ಹಾಕಲು ಬಂದಾಗ ಕರುವನ್ನು ಹೊಲಕ್ಕೆ ಹೊಡೆಯಬೇಡಿ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಲಸಿಕೆಯ ಬೆಲೆ ಏನೆಂದು ಎಲ್ಲರೂ ನೋಡಿದ್ದೀರಿ.

ನೀರಿನ ವಿಷಯ ನನ್ನ ಇಲಾಖೆಯದಲ್ಲ, ಆದರೂ ಹೇಳುತ್ತೇನೆ. ನಮ್ಮ ಜಿಲ್ಲೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಿದರೆ ಬೆಳೆಯುವ ಮಕ್ಕಳ ಹಲ್ಲಿಗೆ ಕಂದು ಮಚ್ಚೆ ಬರುತ್ತದೆ, ಇನ್ನೂ ಹೆಚ್ಚಿದ್ದರೆ ಮೂಳೆಗೇ ಹಿಡಿಯುತ್ತದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿ ಇನ್ನೂ ಗಟ್ಟಿಯಾಗುತ್ತದೆ. ಬಟ್ಟೆಗೆ, ಪಾತ್ರೆಗೆ ಕೊಳವೆಬಾವಿಯ ನೀರು ಸಾಕು. ಮಕ್ಕಳು ಕುಡಿಯುವುದಕ್ಕೆ, ಅಡಿಗೆಗೆ ಮಾತ್ರ ಶುದ್ಧ ನೀರಿನ ಘಟಕದ ಕ್ಯಾನು ತನ್ನಿ. ಅಲ್ಲಿ ಉಳಿಸುವ ಐದು ರೂಪಾಯಿ ಯಾವ ಡಬ್ಬಿಯಲ್ಲಿಟ್ಟರೂ ಹಲ್ಲನ್ನು ಸರಿ ಮಾಡಿಸಿಕೊಡುವುದಿಲ್ಲ.

ಕೊನೆಗೆ ಒಂದು ಮಾತು ಕೇಳಿದರೆ ಗಂಡಸರಿಗೆ ಸಿಟ್ಟು ಬರಬಹುದು. ಹಸು ಕಟ್ಟುವವಳು, ಸೆಗಣಿ ಬಾಚುವವಳು, ಹಾಲು ಕರೆಯುವವಳು ನೀವು. ಪಾಸ್ ಪುಸ್ತಕ ಯಾರ ಹೆಸರಿನಲ್ಲಿದೆ? ಸಂಘದ ಷೇರು ಯಾರದ್ದು? ಬಟವಾಡೆ ಹಣವೂ, ಸರ್ಕಾರದ ಪ್ರೋತ್ಸಾಹಧನವೂ ಸದಸ್ಯರ ಖಾತೆಗೆ ಹೋಗುತ್ತದೆ. 2023ರಲ್ಲಿ ಗೃಹಲಕ್ಷ್ಮಿ ಹಣ ನಿಮ್ಮ ಖಾತೆಗೆ ಬರಲು ಶುರುವಾದ ಮೇಲೆ ಬ್ಯಾಂಕಿನ ಬಾಗಿಲು ಹೊಸದಲ್ಲ. ಹೆಸರು ನಿಮ್ಮದಾದರೆ ಮನೆಗೆ ಎಷ್ಟು ಲೀಟರ್, ಡೇರಿಗೆ ಎಷ್ಟು ಲೀಟರ್ ಎಂದು ಅಳೆಯುವ ಕೈಯೂ ನಿಮ್ಮದಾಗುತ್ತದೆ. ಕಾರ್ಯದರ್ಶಿಗಳಿಗೂ ಒಂದು ವಿನಂತಿ. ಯಾರದಾದರೂ ಹಾಲು ಅರ್ಧ ಲೀಟರ್ ಕಡಿಮೆ ಬಂದರೆ ಸಾಲಿನಲ್ಲಿ ಎಲ್ಲರೆದುರು ಕೇಳಬೇಡಿ. ಮನೆಯ ಹತ್ತಿರ ಹೋಗಿ ಕೇಳಿ.

ಕಾಪಿ ಪುಸ್ತಕದ ತಾಯಿ ಏನು ಮಾಡಿದಳೆಂದು ನೀವು ಕೇಳಬಹುದು. ಅರ್ಧ ಲೀಟರ್ ಇಟ್ಟುಕೊಳ್ಳಲು ಒಪ್ಪಿದಳು. ಎರಡು ತಿಂಗಳಾದ ಮೇಲೆ ಹೋದಾಗ ಸಂಜೆಯ ಕುರುಕಲು ನಿಂತಿತ್ತು, ಬೆಳಗಿನ ಬಿಸ್ಕತ್ತು ನಿಂತಿರಲಿಲ್ಲ. ಹಬ್ಬ ಬಂದ ವಾರ ಹಾಲು ಪೂರ್ತಿ ಡೇರಿಗೆ ಹೋಗಿತ್ತು. ಚಿಕ್ಕದರ ತೂಕ ಮುಕ್ಕಾಲು ಕೆ.ಜಿ. ಏರಿತ್ತು. "ಎಲ್ಲಾ ಒಟ್ಟಿಗೆ ಆಗಲ್ಲ ಸಾ" ಎಂದಳು. ಆಗುವುದಿಲ್ಲ, ನಿಜ.

ಗಂಟೆ ನಾಲ್ಕಾಗುತ್ತಾ ಬಂತು, ನಿಮ್ಮ ಹಸುಗಳು ಆಗಲೇ ಬಾಗಿಲ ಕಡೆ ನೋಡುತ್ತಿರುತ್ತವೆ. ಹಾಲು ಹಾಕಿದ ಮೇಲೆ ನಾನು ಸಂಘದ ಜಗಲಿಯ ಮೇಲೆ ಕುಳಿತಿರುತ್ತೇನೆ. ಕರುವಿನ ಸೆಗಣಿ ಪರೀಕ್ಷೆ ಮಾಡಿಸಬೇಕಾದವರು ಒಂದು ಬೆಂಕಿಪೊಟ್ಟಣದಷ್ಟು ತಂದರೆ ಸಾಕು, ಬುಟ್ಟಿಗಟ್ಟಲೆ ಬೇಡ. ಲೆಕ್ಕ ಹಾಕಿಸಬೇಕಾದವರು ಮಕ್ಕಳ ಕಾಪಿ ಪುಸ್ತಕ ತನ್ನಿ, ಪೆನ್ನು ನನ್ನ ಹತ್ತಿರ ಇದೆ.